ನಾಯಿಯ ಸೊಂಟ ಮತ್ತು ಕ್ಯಾಲ್ಸಿಯಂ ಬಾಟಲಿ

ಲ್ಯಾಬ್ರಡಾರ್ ಮರಿ ಮನೆಗೆ ಬಂದ ವಾರದೊಳಗೆ ಅದರ ಹಿಂದೆಯೇ ಮೂರು ಸಾಮಾನೂ ಬಂದಿರುತ್ತವೆ: ಕುತ್ತಿಗೆಗೆ ಬೆಲ್ಟು, ಊಟಕ್ಕೆ ಸ್ಟೀಲ್ ಬಟ್ಟಲು, ಮೂಳೆ ಗಟ್ಟಿಯಾಗಲಿ ಎಂದು ಒಂದು ಬಾಟಲಿ ಕ್ಯಾಲ್ಸಿಯಂ ಸಿರಪ್. ಮೊದಲ ಎರಡರಿಂದ ತೊಂದರೆಯಿಲ್ಲ. ಮೂರನೆಯದನ್ನು ಕೊಂಡವರೂ ಕುಡಿಸುವವರೂ ಒಳ್ಳೆಯ ಮನಸ್ಸಿನಿಂದಲೇ ಕುಡಿಸುತ್ತಾರೆ. ಆದರೆ ದೊಡ್ಡ ತಳಿಯ ಮರಿಗೆ ಅದರಿಂದ ಆಗುವ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ನಾಯಿಯ ಸೊಂಟದ ಕಾಯಿಲೆಯಲ್ಲಿ ನಾವು ದುಡ್ಡು ಸುರಿಯುವ ಜಾಗ ಒಂದು, ಫಲ ಸಿಗುವ ಜಾಗ ಇನ್ನೊಂದು. ಬಾಟಲಿ, ಮಾತ್ರೆ, ಪುಡಿಗಳಿಗೆ ಧಾರಾಳವಾಗಿ ಖರ್ಚು ಮಾಡುವ ಮನೆಯಲ್ಲೇ ನಾಯಿಯ ತೂಕ ಎಷ್ಟೆಂದು ಕೇಳಿದರೆ ಉತ್ತರ ಇರುವುದಿಲ್ಲ.

ಸೊಂಟದ ಕೀಲೆಂದರೆ ಒರಳು ಮತ್ತು ಗುಂಡು ಇದ್ದಂತೆ. ಸೊಂಟದ ಮೂಳೆಯಲ್ಲಿರುವ ಗುಳಿಯೊಳಗೆ ತೊಡೆಮೂಳೆಯ ದುಂಡನೆಯ ತಲೆ ಕೂತು ತಿರುಗುತ್ತದೆ. ಈ ಕೀಲು ಸಡಿಲವಾಗಿ ಕೆಡುವ ಕಾಯಿಲೆಯೇ ಹಿಪ್ ಡಿಸ್‌ಪ್ಲೇಸಿಯಾ. ಅದು ಬರಲಿರುವ ಮರಿಯಲ್ಲೂ ಹುಟ್ಟುವಾಗ ಈ ಜೋಡಣೆ ಸರಿಯಾಗಿಯೇ ಇರುತ್ತದೆ. ಮುಂದಿನ ಕೆಲವು ವಾರಗಳಲ್ಲಿ ಕೀಲನ್ನು ಹಿಡಿದಿಡುವ ಪೊರೆ ಮತ್ತು ರಜ್ಜು ಸಡಿಲವಾಗುತ್ತವೆ. ಹೆಜ್ಜೆ ಇಟ್ಟಾಗಲೆಲ್ಲ ಮೂಳೆಯ ತಲೆ ಗುಳಿಯಿಂದ ಸ್ವಲ್ಪ ಹೊರಗೆ ಸರಿದು ಅಂಚಿಗೆ ಬಡಿಯುತ್ತದೆ. ಆ ವಯಸ್ಸಿನಲ್ಲಿ ಮೂಳೆ ಇನ್ನೂ ಮೆತ್ತಗೆ. ಭಾರ ಬಿದ್ದ ಕಡೆಗೆ ಬಾಗಿ ಬೆಳೆಯುತ್ತದೆ. ಹೀಗೆ ಗುಳಿ ಆಳವಿಲ್ಲದೆ ತಟ್ಟೆಯಾಗುತ್ತದೆ, ತಲೆ ಚಪ್ಪಟೆಯಾಗುತ್ತದೆ, ನಡುವಿನ ಮೃದ್ವಸ್ಥಿ ಸವೆಯುತ್ತದೆ, ಸುತ್ತ ಹೊಸ ಮೂಳೆ ಮುಳ್ಳುಮುಳ್ಳಾಗಿ ಏಳುತ್ತದೆ. ಸಡಿಲತನ ವಂಶದಿಂದ ಬರುತ್ತದೆ. ಅದು ಎಷ್ಟು ಹಾನಿ ಮಾಡುತ್ತದೆ ಎಂಬುದನ್ನು ತೂಕ, ಊಟ, ನೆಲ ಮತ್ತು ಓಡಾಟ ನಿರ್ಧರಿಸುತ್ತವೆ. ವಂಶವೂ ಒಂದೇ ಜೀನಿನ ಲೆಕ್ಕವಲ್ಲ, ಹಲವು ಜೀನುಗಳ ಕೂಟ. ಅದಕ್ಕೇ ಸೊಂಟ ಚೆನ್ನಾಗಿರುವ ತಂದೆತಾಯಿಗೂ ಕೆಟ್ಟ ಸೊಂಟದ ಮರಿ ಹುಟ್ಟಬಹುದು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್, ಸೇಂಟ್ ಬರ್ನಾರ್ಡ್ ತಳಿಗಳಲ್ಲಿ ಇದು ಸಾಮಾನ್ಯ. ಗ್ರೇಹೌಂಡಿನಲ್ಲಿ ಬಲು ಅಪರೂಪ.

"ನಮ್ಮ ನಾಯಿ ಕುಂಟುತ್ತಿಲ್ಲವಲ್ಲ" ಎನ್ನುವ ಮಾತು ತುಂಬ ಕೇಳಿಬರುತ್ತದೆ. ಈ ಕಾಯಿಲೆ ಹೆಚ್ಚಾಗಿ ಎರಡೂ ಕಡೆ ಇರುತ್ತದೆ. ಎರಡೂ ಕಾಲು ನೋಯುವಾಗ ನಾಯಿ ಯಾವ ಕಾಲನ್ನು ಎತ್ತಿ ಕುಂಟಬೇಕು? ಹಾಗಾಗಿ ಅದು ಕುಂಟುವುದಿಲ್ಲ, ನಡೆಯುವ ರೀತಿಯನ್ನೇ ಬದಲಿಸಿಕೊಳ್ಳುತ್ತದೆ. ನೋಡಬೇಕಾದ್ದು ಮೆಟ್ಟಿಲಿನಲ್ಲಿ. ಆರೋಗ್ಯವಾಗಿರುವ ನಾಯಿ ಹಿಂಗಾಲುಗಳನ್ನು ಒಂದಾದ ಮೇಲೊಂದು ಇಟ್ಟು ಹತ್ತುತ್ತದೆ. ಸೊಂಟ ನೋಯುವ ನಾಯಿ ಎರಡನ್ನೂ ಜೋಡಿಸಿ ಒಟ್ಟಿಗೆ ಕುಪ್ಪಳಿಸುತ್ತದೆ. ಡಾಕ್ಟರುಗಳು ಬನ್ನಿ ಹಾಪಿಂಗ್ ಎನ್ನುವುದು ಇದನ್ನೇ. ಏಳುವಾಗ ಮುಂಗಾಲಿನಿಂದ ಎಳೆದುಕೊಂಡು ಏಳುತ್ತದೆ, ಎದ್ದ ಮೇಲೆ ಮೊದಲ ಹತ್ತು ಹೆಜ್ಜೆ ಬಿಗಿಯಾಗಿರುತ್ತವೆ. ಕೂರುವಾಗ ಒಂದು ತೊಡೆಯನ್ನು ಪಕ್ಕಕ್ಕೆ ಚೆಲ್ಲುತ್ತದೆ. ಕಾರಿಗೆ ಹಾರುವ ಮೊದಲು ಒಂದು ಕ್ಷಣ ಯೋಚಿಸುತ್ತದೆ. ಕೆಲವು ತಿಂಗಳು ಕಳೆದರೆ ಎದೆ, ಭುಜ ದಪ್ಪಗಾಗಿ ತೊಡೆ ಸೊರಗುತ್ತದೆ. ಎರಡೂ ಕೈಯಿಂದ ಎರಡು ತೊಡೆಗಳನ್ನು ಒಟ್ಟಿಗೆ ಹಿಡಿದು ನೋಡಿದರೆ ವ್ಯತ್ಯಾಸ ಬೆರಳಿಗೆ ಸಿಗುತ್ತದೆ. ತಿಂಗಳಿಗೊಮ್ಮೆ ಮೊಬೈಲಿನಲ್ಲಿ ಮೂರು ಸಣ್ಣ ವಿಡಿಯೊ ತೆಗೆದಿಡಿ: ಪಕ್ಕದಿಂದ ನಡೆಯುವುದು, ಹಿಂದಿನಿಂದ ನಡೆಯುವುದು, ನಿದ್ದೆಯಿಂದ ಏಳುವುದು. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ನಿಂತ ನಾಯಿ ಹೇಳದ್ದನ್ನು ಈ ವಿಡಿಯೊಗಳು ಹೇಳುತ್ತವೆ.

ತೊಂದರೆ ಕಾಣುವ ಕಾಲ ಎರಡು. ಒಮ್ಮೆ 5ರಿಂದ 12 ತಿಂಗಳ ನಡುವೆ, ಕೀಲಿನ ಸಡಿಲತನದಿಂದಲೇ ನೋವು ಬರುವಾಗ. ಆಮೇಲೆ ಕೀಲಿನ ಪೊರೆ ದಪ್ಪಗಾಗಿ ಬಿಗಿಯುತ್ತದೆ, ನೋವು ಇಳಿಯುತ್ತದೆ, "ದೊಡ್ಡದಾದ ಹಾಗೆ ಸರಿಹೋಯ್ತು" ಎಂದು ಮನೆಯವರು ಮರೆಯುತ್ತಾರೆ. ಸವೆತ ಮಾತ್ರ ನಿಲ್ಲುವುದಿಲ್ಲ. ವರ್ಷಗಳ ನಂತರ ಅದು ಸಂಧಿವಾತವಾಗಿ ಹಿಂದಿರುಗಿದಾಗ ವಯಸ್ಸಾಯಿತಲ್ಲ ಎಂದುಕೊಳ್ಳುತ್ತಾರೆ.

ಹಿಂಗಾಲು ನೋಯುವುದೆಲ್ಲ ಸೊಂಟವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಮ್ಮ ಕಡೆ ಮೊದಲು ಅನುಮಾನಿಸಬೇಕಾದ್ದು ಉಣ್ಣೆ ಜ್ವರವನ್ನು. ಉಣ್ಣೆ ಕಚ್ಚಿ ಬರುವ ಎರ್ಲಿಕಿಯಾದಿಂದಲೂ ಕೀಲುಗಳು ಊದಿ ನಾಯಿ ಏಳಲಾರದೆ ಮಲಗುತ್ತದೆ. ಜ್ವರ, ಊಟ ಬಿಡುವುದು, ಇವತ್ತು ಈ ಕಾಲು ನಾಳೆ ಆ ಕಾಲು ಎಂದು ನೋವು ಜಾಗ ಬದಲಿಸುವುದು ಕಂಡರೆ ಎಕ್ಸ್‌ರೇಗಿಂತ ಮೊದಲು ರಕ್ತಪರೀಕ್ಷೆ, ಪ್ಲೇಟ್‌ಲೆಟ್ ಎಣಿಕೆ ಆಗಲಿ. ದಪ್ಪಗಿರುವ ಲ್ಯಾಬ್ರಡಾರ್ ಒಂದೇ ಹಿಂಗಾಲನ್ನು ಎತ್ತಿ ಬೆರಳತುದಿ ಮಾತ್ರ ಊರುತ್ತಿದ್ದರೆ ಮಂಡಿಯ ಕ್ರೂಸಿಯೇಟ್ ರಜ್ಜು ಹರಿದಿರುವ ಸಾಧ್ಯತೆ ಹೆಚ್ಚು. ಸೊಂಟವೆಂದು ಚಿಕಿತ್ಸೆ ಪಡೆಯುವ ಎಷ್ಟೋ ನಾಯಿಗಳ ನಿಜವಾದ ತೊಂದರೆ ಇದೇ. ಎಕ್ಸ್‌ರೇಯಲ್ಲಿ ಸೊಂಟವೂ ಕೆಟ್ಟಿರುವುದರಿಂದ ಮಂಡಿಯನ್ನು ಮುಟ್ಟಿ ನೋಡುವವರಿರುವುದಿಲ್ಲ. ಜರ್ಮನ್ ಶೆಫರ್ಡ್ ಮರಿಗಳಲ್ಲಿ ಉದ್ದ ಮೂಳೆಗಳೇ ನೋಯುವ ಪ್ಯಾನಾಸ್ಟಿಯೈಟಿಸ್ ಎಂಬುದಿದೆ. ಮೂಳೆಯ ಮಧ್ಯಭಾಗ ಒತ್ತಿದರೆ ಮರಿ ಕಿರುಚುತ್ತದೆ, ಕಾಲಕ್ರಮದಲ್ಲಿ ತಾನಾಗಿ ಹೋಗುತ್ತದೆ.

ಎಕ್ಸ್‌ರೇ ತೆಗೆಸುವಾಗ ನಾಯಿಗೆ ಮಂಪರು ಕೊಡಲೇಬೇಕು. ಎಚ್ಚರವಿರುವ ನಾಯಿ ಸ್ನಾಯು ಬಿಗಿಹಿಡಿದು ಸಡಿಲತನವನ್ನು ಮುಚ್ಚಿಡುತ್ತದೆ. ಮಂಪರಿನಲ್ಲೇ ಡಾಕ್ಟರು ಓರ್ಟೊಲಾನಿ ಪರೀಕ್ಷೆಯನ್ನೂ ಮಾಡಬಹುದು: ತೊಡೆಯನ್ನು ಮೇಲಕ್ಕೆ ಒತ್ತಿ ನಿಧಾನ ಹೊರಕ್ಕೆ ಬಿಡಿಸಿದಾಗ ಜಾರಿದ್ದ ತಲೆ ಗುಳಿಗೆ ಹಿಂದಿರುಗುವ ಟಕ್ಕೆಂಬ ಅನುಭವ ಕೈಗೆ ಬರುತ್ತದೆ. ಚಿತ್ರಕ್ಕೆ ನಾಯಿಯನ್ನು ಅಂಗಾತ ಮಲಗಿಸಿ, ಎರಡೂ ಹಿಂಗಾಲು ನೇರವಾಗಿ ಸಮಾನಾಂತರವಾಗಿ ಎಳೆದು, ಮಂಡಿಚಿಪ್ಪು ನಟ್ಟನಡುವೆ ಬರುವ ಹಾಗೆ ಒಳಕ್ಕೆ ತಿರುಗಿಸಬೇಕು. ಫಿಲ್ಮ್ ಕೈಗೆ ಬಂದಾಗ ನೀವೇ ಒಂದು ತಪಾಸಣೆ ಮಾಡಬಹುದು. ಸೊಂಟದ ಮೂಳೆಯ ಕೆಳಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಮೊಟ್ಟೆಯಾಕಾರದ ತೂತು ಕಾಣುತ್ತವೆ. ಎರಡೂ ಒಂದೇ ಗಾತ್ರದಲ್ಲಿದ್ದರೆ ನಾಯಿ ನೇರ ಮಲಗಿತ್ತು. ಒಂದು ದೊಡ್ಡದು ಒಂದು ಸಣ್ಣದಾದರೆ ಸೊಂಟ ವಾಲಿತ್ತು. ಅಂಥ ಚಿತ್ರದಲ್ಲಿ ಒಂದು ಕೀಲು ಇಲ್ಲದ ದೋಷ ತೋರಿಸುತ್ತದೆ, ಇನ್ನೊಂದು ಇರುವ ದೋಷ ಮುಚ್ಚುತ್ತದೆ. ಮತ್ತೆ ತೆಗೆಯಲು ಹೇಳಲು ಸಂಕೋಚ ಬೇಡ.

ಕಾಲು ನೇರ ಎಳೆದಾಗ ಕೀಲಿನ ಪೊರೆ ತಿರುಚಿಕೊಂಡು ತಲೆಯನ್ನು ಗುಳಿಯೊಳಕ್ಕೆ ದೂಡುತ್ತದೆ. ಅಂದರೆ ಹುಡುಕುತ್ತಿರುವ ಸಡಿಲತನವೇ ಅಡಗುತ್ತದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ 1983ರಲ್ಲಿ ಶುರುಮಾಡಿದ ಪೆನ್‌ಹಿಪ್ ವಿಧಾನ ಇದಕ್ಕೆ ಉತ್ತರ. ಅದರಲ್ಲಿ ಕಾಲುಗಳನ್ನು ಸಹಜ ಭಂಗಿಯಲ್ಲಿಟ್ಟು, ನಡುವೆ ಉಪಕರಣವಿಟ್ಟು ತಲೆಯನ್ನು ಹೊರಕ್ಕೆ ಸರಿಸಿ, ಎಷ್ಟು ಸರಿಯಿತೆಂದು ಅಳೆದು ಒಂದು ಸೂಚ್ಯಂಕವಾಗಿ ಹೇಳುತ್ತಾರೆ. 0.3ರೊಳಗೆ ಇದ್ದರೆ ಬಿಗಿಯಾದ ಕೀಲು, 1ರ ಕಡೆಗೆ ಹೋದಷ್ಟೂ ಸಡಿಲ. ಇದನ್ನು 16 ವಾರದ ಮರಿಯಲ್ಲೇ ಮಾಡಬಹುದು. ನಾಯಿಗಳ ಕೀಲುಗಳ ಎಕ್ಸ್‌ರೇ ನೋಡಿ ದರ್ಜೆ ಕೊಡುವ ಅಮೆರಿಕದ ಒಎಫ್‌ಎ ಸಂಸ್ಥೆ ತನ್ನ ಅಂತಿಮ ಪ್ರಮಾಣಪತ್ರ ಕೊಡುವುದು ನಾಯಿಗೆ 24 ತಿಂಗಳು ತುಂಬಿದ ಮೇಲೆ. ಮರಿ ಕೊಳ್ಳುವಾಗ ತಂದೆತಾಯಿ ಎರಡರ ಸೊಂಟದ ಎಕ್ಸ್‌ರೇ ವರದಿ ಕೇಳಿ. ಕೆನಲ್ ಕ್ಲಬ್ ಆಫ್ ಇಂಡಿಯಾದ (ಕೆಸಿಐ) ಕಾಗದ ವಂಶಾವಳಿಯನ್ನು ಹೇಳುತ್ತದೆಯೇ ಹೊರತು ಸೊಂಟದ ಸ್ಥಿತಿಯನ್ನಲ್ಲ.

ಈಗ ಕ್ಯಾಲ್ಸಿಯಂ. ದೊಡ್ಡ ತಳಿಯ ಬೆಳೆಯುವ ಮರಿಗೆ 1000 ಕ್ಯಾಲೊರಿ ಊಟದಲ್ಲಿ 3 ಗ್ರಾಂಗೆ ಕಡಿಮೆಯಿಲ್ಲದಂತೆ, 4.5 ಗ್ರಾಂ ದಾಟದಂತೆ ಕ್ಯಾಲ್ಸಿಯಂ ಇರಬೇಕು ಎಂಬುದು ಆಹಾರ ತಯಾರಕರು ಅನುಸರಿಸುವ ಅಮೆರಿಕದ ಮಾನದಂಡ. ಮೊದಲ ಆರು ತಿಂಗಳು ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆನ್ನುವ ಶಕ್ತಿ ಬಂದಿರುವುದಿಲ್ಲ. ಕೊಟ್ಟಷ್ಟೂ ಒಳಗೆ ಹೋಗುತ್ತದೆ, ಮೂಳೆ ಮೃದ್ವಸ್ಥಿಗಳ ಬೆಳವಣಿಗೆಯ ಲಯ ಕೆಡುತ್ತದೆ. ನೆದರ್‌ಲ್ಯಾಂಡ್ಸ್‌ನ ಯುಟ್ರೆಕ್ಟ್‌ನಲ್ಲಿ ಗ್ರೇಟ್ ಡೇನ್ ಮರಿಗಳ ಮೇಲೆ ನಡೆದ ಅಧ್ಯಯನಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ. ಚೀಲದಲ್ಲಿ ಬರುವ ಒಳ್ಳೆಯ ಲಾರ್ಜ್ ಬ್ರೀಡ್ ಪಪ್ಪಿ ಆಹಾರ ಹಾಕುತ್ತಿದ್ದರೆ ಸಿರಪ್ ಒಂದು ಚಮಚವೂ ಬೇಡ.

ಮನೆಯೂಟ ಹಾಕುವವರದು ತದ್ವಿರುದ್ಧ ಸಮಸ್ಯೆ. ಅನ್ನ-ಕೋಳಿ, ಹಾಲು-ಚಪಾತಿಯಲ್ಲಿ ಕ್ಯಾಲ್ಸಿಯಂ ಸಾಲುವುದೇ ಇಲ್ಲ. ರಾಗಿ ಕೊಟ್ಟರೆ ಸಾಕೆಂದು ನಮ್ಮಲ್ಲಿ ಗಟ್ಟಿ ನಂಬಿಕೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ, 320 ಕ್ಯಾಲೊರಿ. ಬರೀ ರಾಗಿಯಲ್ಲೇ 1000 ಕ್ಯಾಲೊರಿ ತುಂಬಿಸಿದರೂ ಸಿಗುವುದು 1.1 ಗ್ರಾಂ ಆಸುಪಾಸು, ಅದರಲ್ಲೂ ಒಂದು ಪಾಲನ್ನು ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ದೇಹಕ್ಕೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮುದ್ದೆ ತಿಂದು ಬೆಳೆದ ನಾಡಿನವರಿಗೆ ಬೇಸರ ತರುವ ಲೆಕ್ಕ, ಆದರೆ ಲೆಕ್ಕ ಅದೇ. ತೊಳೆದು ಒಣಗಿಸಿ ಹುರಿದು ನುಣ್ಣಗೆ ಪುಡಿಮಾಡಿದ ಮೊಟ್ಟೆಚಿಪ್ಪು ಒಂದು ಟೀ ಚಮಚಕ್ಕೆ, ಅಂದರೆ 5 ಗ್ರಾಂಗೆ, ಹೆಚ್ಚು ಕಡಿಮೆ 1.9 ಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಮರಿಯ ಮನೆಯೂಟವನ್ನು ಮಾತ್ರ ಪಶುವೈದ್ಯರ ಹತ್ತಿರ ಗ್ರಾಂ ಲೆಕ್ಕದಲ್ಲಿ ಬರೆಸಿಕೊಳ್ಳುವುದೇ ಸರಿ. ಅಂದಾಜಿನ ಕೆಲಸ ಇದಲ್ಲ.

ಮರಿಯ ಓಡಾಟದ ಬಗ್ಗೆ ನಾರ್ವೆಯಲ್ಲಿ ಲ್ಯಾಬ್ರಡಾರ್, ನ್ಯೂಫೌಂಡ್‌ಲ್ಯಾಂಡ್, ಲಿಯಾನ್‌ಬರ್ಗರ್, ಐರಿಷ್ ವುಲ್ಫ್‌ಹೌಂಡ್ ಮರಿಗಳನ್ನು ಹಿಂಬಾಲಿಸಿ ಮಾಡಿದ ಅಧ್ಯಯನವೊಂದಿದೆ, 2012ರದು. ಹುಟ್ಟಿದಾಗಿನಿಂದ ಮೂರು ತಿಂಗಳವರೆಗೆ ದಿನವೂ ಮೆಟ್ಟಿಲು ಹತ್ತಿಳಿದ ಮರಿಗಳಿಗೆ ಅಪಾಯ ಹೆಚ್ಚಿತ್ತು. ಮೆತ್ತನೆಯ ಏರುತಗ್ಗು ನೆಲದಲ್ಲಿ ಹಗ್ಗವಿಲ್ಲದೆ ಓಡಾಡಿದ ಮರಿಗಳಿಗೆ ಕಡಿಮೆಯಿತ್ತು. ಹಾಗಾಗಿ ಮೂರು ತಿಂಗಳವರೆಗೆ ಮರಿಯನ್ನು ಮೆಟ್ಟಿಲಿನಲ್ಲಿ ಎತ್ತಿಕೊಂಡೇ ಹೋಗಿ, ಮಣ್ಣಿನ ಅಂಗಳವೋ ಹುಲ್ಲೋ ಸಿಕ್ಕರೆ ಬಿಟ್ಟುಬಿಡಿ. ಸಂತಾನಹರಣದ ವಿಷಯದಲ್ಲೂ ಅವಸರ ಬೇಡ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ 2013ರ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಆಪರೇಷನ್ ಆದ ಗಂಡು ಗೋಲ್ಡನ್ ರಿಟ್ರೀವರ್‌ಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾ, ಆಪರೇಷನ್ ಆಗದವುಗಳ ಎರಡರಷ್ಟು ಕಂಡಿತು.

ಇನ್ನು ತೂಕ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ಎಲ್ಲಕ್ಕಿಂತ ಕಡಿಮೆ ಜನ ಮಾಡುವ ಕೆಲಸ. ಪ್ಯೂರಿನಾ ಕಂಪನಿಯ ಸಂಶೋಧಕರು 48 ಲ್ಯಾಬ್ರಡಾರ್‌ಗಳನ್ನು ಒಂದೇ ಸೂಲಿನ ಜೋಡಿಗಳಾಗಿ ಇಟ್ಟು, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ 25 ಶೇಕಡಾ ಕಡಿಮೆ ಊಟ ಹಾಕಿ ಜೀವಮಾನವಿಡೀ ನೋಡಿದರು. ಕಡಿಮೆ ತಿಂದವುಗಳ ಮಧ್ಯಾಂಕ ಆಯುಸ್ಸು 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಸೊಂಟದಲ್ಲಿ ಸಂಧಿವಾತ ಎಕ್ಸ್‌ರೇಗೆ ಸಿಕ್ಕ ವಯಸ್ಸು ಹೆಚ್ಚು ತಿಂದವುಗಳಲ್ಲಿ 6, ಕಡಿಮೆ ತಿಂದವುಗಳಲ್ಲಿ 12. ಆರು ವರ್ಷ ಮುಂದೂಡುವ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ. ಈಗಾಗಲೇ ಕುಂಟುತ್ತಿರುವ ದಪ್ಪ ನಾಯಿಯಲ್ಲಿ ದೇಹತೂಕದ 6 ಶೇಕಡಾ ಇಳಿದರೂ ನಡಿಗೆ ಸುಧಾರಿಸುತ್ತದೆ ಎಂಬುದೂ ಅಳೆದು ನೋಡಿದ ಸಂಗತಿ. 40 ಕಿಲೋ ನಾಯಿಗೆ ಅದು ಎರಡೂವರೆ ಕಿಲೋ ಅಷ್ಟೇ.

ದಪ್ಪವೋ ಅಲ್ಲವೋ ತಿಳಿಯಲು ನಿಮ್ಮ ಕೈಯೇ ಸಾಕು. ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ಬೆರಳಾಡಿಸಿ: ನಾಯಿಯ ಪಕ್ಕೆಲುಬು ಹಾಗೆ ಸಿಕ್ಕರೆ ಬಡಕಲು. ಕೈ ಬಿಡಿಸಿ ಅಂಗೈ ಹಿಂಭಾಗ ಸವರಿ: ಹಾಗಿದ್ದರೆ ಸರಿ. ಅಂಗೈಯ ಮೆತ್ತನೆಯ ಭಾಗದ ಹಾಗೆ ಒತ್ತಿ ಹುಡುಕಬೇಕಾದರೆ ದಪ್ಪ. ನಮ್ಮ ಊರುಗಳ ಲ್ಯಾಬ್ರಡಾರ್‌ಗಳಲ್ಲಿ ಬಹಳಷ್ಟು ಮೂರನೆಯ ಗುಂಪಿನವು, ಅವನ್ನೇ ನೋಡಿ ನೋಡಿ ಸರಿಯಾದ ತೂಕದ ನಾಯಿ ಕಂಡರೆ "ಊಟ ಹಾಕಲ್ವಾ?" ಎಂದು ಕೇಳುವಂತಾಗಿದೆ.

32 ಕಿಲೋ ಇರಬೇಕಾದ, 40 ಕಿಲೋ ಇರುವ ನಾಯಿಯ ಒಂದು ದಿನ ತೆಗೆದುಕೊಳ್ಳಿ. ಬೆಳಿಗ್ಗೆ ಎರಡು ಚಪಾತಿ, ಒಂದು ಲೋಟ ಹಾಲು: 320 ಕ್ಯಾಲೊರಿ. ಎರಡು ಹೊತ್ತು ಸೇರಿ 250 ಗ್ರಾಂ ಒಣ ಆಹಾರ: 875. ಟೀ ಹೊತ್ತಿನ ಆರು ಬಿಸ್ಕತ್ತು: 130. ರಾತ್ರಿ ಉಳಿದ ಮೊಸರನ್ನ: 150. ಒಟ್ಟು 1475. ತೂಕ ಇಳಿಸಲು ಈ ನಾಯಿಗೆ ಕೊಡಬೇಕಾದ್ದು ಸುಮಾರು 940. ಚಪಾತಿ, ಹಾಲು, ಬಿಸ್ಕತ್ತು, ಮೊಸರನ್ನ ಎಲ್ಲ ನಿಂತರೆ ಲೆಕ್ಕ ಬಹುತೇಕ ಮುಗಿಯಿತು. ಬಟ್ಟಲಿನ ಅಳತೆ ನಂಬಬೇಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಾಕಿ. ಹಸಿವೆನಿಸಿದರೆ ಬೇಯಿಸಿದ ಸೋರೆಕಾಯಿ, ಬೀನ್ಸ್, ಹಸಿ ಸೌತೆಕಾಯಿ ಸೇರಿಸಬಹುದು. ಈರುಳ್ಳಿ, ದ್ರಾಕ್ಷಿ ಮಾತ್ರ ಬೇಡ. ವಾರಕ್ಕೆ 400ರಿಂದ 800 ಗ್ರಾಂ ಇಳಿಯಬೇಕು. ಎರಡು ವಾರ ಮುಳ್ಳು ಅಲ್ಲಾಡದಿದ್ದರೆ ಮನೆಯಲ್ಲಿ ಯಾರೋ ಕದ್ದು ತಿನ್ನಿಸುತ್ತಿದ್ದಾರೆ. ಸಾಮಾನ್ಯವಾಗಿ ಅಜ್ಜಿ.

ನೆಲದ ಮಾತು ಸಣ್ಣದು, ಪರಿಣಾಮ ದೊಡ್ಡದು. ವಿಟ್ರಿಫೈಡ್ ಟೈಲ್ಸ್ ಮತ್ತು ಪಾಲಿಶ್ ಗ್ರಾನೈಟ್ ಮೇಲೆ ನಾಯಿ ಪ್ರತಿ ಸಲ ಏಳುವಾಗ ಹಿಂಗಾಲು ಅಗಲಕ್ಕೆ ಜಾರುತ್ತದೆ, ಕೆಟ್ಟ ಕೀಲಿಗೆ ಅದೇ ಪೆಟ್ಟು. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಬಾಗಿಲಿಗೆ ಹೋಗುವ ದಾರಿಗೆ ರಬ್ಬರ್ ತಳದ ಮ್ಯಾಟ್ ಅಥವಾ ಹಳೆಯ ಯೋಗಾ ಮ್ಯಾಟ್ ಹಾಸಿ. ಮನೆ ತುಂಬ ಬೇಕಿಲ್ಲ, ದಾರಿಗೆ ಸಾಕು. ಪಾದದಡಿ ಬೆರಳುಗಳ ನಡುವಿನ ಕೂದಲನ್ನು ಕತ್ತರಿಸಿ, ಉಗುರು ನೆಲಕ್ಕೆ ಟಕಟಕ ಎನ್ನದಂತೆ ಕತ್ತರಿಸಿ. ಹಾಸಿಗೆ ಮಲಗಿದರೆ ತಳ ಮುಟ್ಟುವಂತೆ ಕುಸಿಯಬಾರದು.

ವ್ಯಾಯಾಮದಲ್ಲಿ ಕೆಡಿಸುವುದು ಭಾನುವಾರ. ವಾರವೆಲ್ಲ ಫ್ಲ್ಯಾಟಿನಲ್ಲಿ ಮಲಗಿದ ನಾಯಿಯನ್ನು ಭಾನುವಾರ ಕಬ್ಬನ್ ಪಾರ್ಕಿಗೆ ಕರೆದೊಯ್ದು ಎರಡು ಗಂಟೆ ಚೆಂಡೆಸೆದರೆ ಸೋಮವಾರ ಅದು ಏಳುವುದಿಲ್ಲ. ದಿನವೂ ಒಂದೇ ದೂರ, ಹಗ್ಗ ಹಿಡಿದು ನಿಧಾನ ನಡಿಗೆ, 15 ನಿಮಿಷದಂತೆ ಎರಡು ಮೂರು ಸಲ. ನಿಧಾನವಾಗಿ ನಡೆದರಷ್ಟೇ ಹಿಂಗಾಲು ಕೆಲಸ ಮಾಡುತ್ತದೆ. ವೇಗ ಹೆಚ್ಚಾದರೆ ಕುಪ್ಪಳಿಸಿ ತಪ್ಪಿಸಿಕೊಳ್ಳುತ್ತದೆ. ಮನೆಯಲ್ಲಿ ಕೂರು-ಏಳು ಐದು ಸಲ, ದಿನಕ್ಕೆರಡು ಬಾರಿ, ಜಾರದ ನೆಲದ ಮೇಲೆ, ಗೋಡೆಯ ಪಕ್ಕ ನಿಲ್ಲಿಸಿ. ಗೋಡೆಯಿದ್ದರೆ ತೊಡೆ ಪಕ್ಕಕ್ಕೆ ಚೆಲ್ಲಲು ಆಗುವುದಿಲ್ಲ. ಈಜು ಒಳ್ಳೆಯದು, ಇಳಿಜಾರಿನಲ್ಲಿ ಇಳಿದು ಹತ್ತುವ ಜಾಗದಲ್ಲಾದರೆ. ಕೆರೆ ಏರಿಯ ಕಲ್ಲಿನಿಂದ ಹಾರಿಸಿ, ಪಾಚಿಯ ಮೇಲೆ ತೆವಳಿ ಹತ್ತಿಸಿದರೆ ಬಂದ ಲಾಭವೆಲ್ಲ ಅಲ್ಲೇ ಹೋಯಿತು.

ನೋವಿನ ಔಷಧಿಗೆ ಹೆದರುವವರು ಒಂದು ಕಡೆ, ಮನೆಯ ಡಬ್ಬಿಯಿಂದ ತೆಗೆದು ಕೊಡುವವರು ಇನ್ನೊಂದು ಕಡೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. (ದನಗಳಿಗೆ ಕೊಟ್ಟ ಇದೇ ಡೈಕ್ಲೊಫೆನಾಕ್ ರಣಹದ್ದುಗಳನ್ನು ಮುಗಿಸಿತೆಂದು 2006ರಲ್ಲಿ ಪಶುಚಿಕಿತ್ಸೆಯಿಂದ ಅದನ್ನು ನಿಷೇಧಿಸಿದ್ದು, ರಾಮದೇವರ ಬೆಟ್ಟದ ಹದ್ದುಗಳ ಸುದ್ದಿ ಓದುವವರಿಗೆ ಇದು ಗೊತ್ತು.) ಮೆಲೊಕ್ಸಿಕಾಮ್ ನಾಯಿಗೂ ಇದೆ, ಆದರೆ ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಆಮೇಲೆ 0.1. 30 ಕಿಲೋ ನಾಯಿಗೆ ದಿನಕ್ಕೆ 3 ಮಿಲಿಗ್ರಾಂ. ಮನುಷ್ಯರ ಮಾತ್ರೆ 7.5 ಅಥವಾ 15. ಒಂದು ಮಾತ್ರೆ ಅಂದರೆ ಎರಡೂವರೆ ಪಟ್ಟು ಅಥವಾ ಐದು ಪಟ್ಟು. ಕಾರ್ಪ್ರೊಫೇನ್ ದಿನಕ್ಕೆ ಕಿಲೋಗೆ 4.4 ಮಿಲಿಗ್ರಾಂ, ಒಮ್ಮೆಗೇ ಅಥವಾ ಎರಡು ಭಾಗ ಮಾಡಿ. ಡಾಕ್ಟರು ನಾಯಿ ನೋಡಿ, ಕಿಡ್ನಿ ಲಿವರ್ ರಕ್ತಪರೀಕ್ಷೆ ಮಾಡಿಸಿ ಶುರುಮಾಡಬೇಕು, ಊಟದ ಜೊತೆ ಕೊಡಬೇಕು, ಸ್ಟಿರಾಯ್ಡ್ ಜೊತೆ ಎಂದೂ ಸೇರಿಸಬಾರದು. ಬೇರೆಲ್ಲೋ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿದ್ದರೆ ಮುಚ್ಚಿಡದೆ ಹೇಳಿ. ವಾಂತಿ, ಊಟ ಬಿಡುವುದು, ಡಾಂಬರಿನಂಥ ಕಪ್ಪು ಮಲ ಕಂಡ ದಿನವೇ ನಿಲ್ಲಿಸಿ ಫೋನ್ ಮಾಡಿ. ಕೊಡುವುದಾದರೆ ಎರಡು ಮೂರು ವಾರ ದಿನವೂ ಕೊಟ್ಟು ನೋಡಿ. ಕುಂಟಿದ ದಿನ ಒಂದು, ಮತ್ತೆ ಕುಂಟಿದಾಗ ಒಂದು ಎಂದು ಕೊಟ್ಟರೆ ಕೆಲಸ ಮಾಡಿತೇ ಎಂಬುದೇ ತಿಳಿಯುವುದಿಲ್ಲ. ನೋವು ಇಳಿದರೆ ನಾಯಿ ಕಾಲು ಬಳಸುತ್ತದೆ, ಬಳಸಿದರೆ ತೊಡೆ ತುಂಬುತ್ತದೆ, ತೊಡೆ ಕೀಲನ್ನು ಹಿಡಿದಿಡುತ್ತದೆ.

ಕೀಲಿಗೆಂದು ಮಾರುವ ಗ್ಲೂಕೋಸಮೈನ್ ಪುಡಿಗಳಿಗೆ ಇರುವ ಆಧಾರ ತೆಳು. ದುಡ್ಡು ಮಿತವಾಗಿದ್ದರೆ ಮೊದಲು ಕೈಬಿಡಬೇಕಾದ್ದು ಅದನ್ನೇ. ಮೀನೆಣ್ಣೆಯ ಆಧಾರ ಗಟ್ಟಿ, ಪ್ರಮಾಣ ಮಾತ್ರ ಜನ ಅಂದುಕೊಂಡದ್ದಲ್ಲ. ಸಂಧಿವಾತಕ್ಕೆ 30 ಕಿಲೋ ನಾಯಿಗೆ ಮೀನೆಣ್ಣೆಯ ಒಮೆಗಾ-3 ಕೊಬ್ಬುಗಳಾದ ಇಪಿಎ, ಡಿಎಚ್ಎ ಸೇರಿ ದಿನಕ್ಕೆ 4 ಗ್ರಾಂವರೆಗೆ ಬೇಕಾಗುತ್ತದೆ. ಸಾಮಾನ್ಯ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇವೆರಡೂ ಸೇರಿ 300 ಮಿಲಿಗ್ರಾಂ. ಅಂದರೆ 13 ಕ್ಯಾಪ್ಸೂಲು, ಜೊತೆಗೆ ನೂರಕ್ಕೂ ಹೆಚ್ಚು ಕ್ಯಾಲೊರಿ. ಸಾಂದ್ರವಾದದ್ದನ್ನು ಕೊಳ್ಳಿ, ಕಾಲುಭಾಗದಿಂದ ಶುರುಮಾಡಿ, ಭೇದಿಯಾದರೆ ಇಳಿಸಿ. ಕಾಡ್ ಲಿವರ್ ಆಯಿಲ್ ಬೇರೆ ವಸ್ತು; ಅದನ್ನು ಈ ಪ್ರಮಾಣದಲ್ಲಿ ಕೊಟ್ಟರೆ ವಿಟಮಿನ್ ಎ ಮತ್ತು ಡಿ ವಿಷವಾಗುತ್ತವೆ.

ಆಪರೇಷನ್‌ಗಳಿಗೆ ವಯಸ್ಸಿನ ಬಾಗಿಲುಗಳಿವೆ. ಅತಿ ಸರಳವಾದದ್ದರಲ್ಲಿ ಸೊಂಟದ ಕೆಳಮೂಳೆಯ ಬೆಳವಣಿಗೆಯ ಗೆರೆಯನ್ನು ಸುಟ್ಟು ಗುಳಿ ತಾನಾಗಿ ಹೊರಕ್ಕೆ ತಿರುಗಿ ಬೆಳೆಯುವಂತೆ ಮಾಡುತ್ತಾರೆ. ಅದು 12ರಿಂದ 20 ವಾರದೊಳಗೆ ಆಗಬೇಕು, ಅಂದರೆ ಯಾವ ಲಕ್ಷಣವೂ ಕಾಣದಿರುವಾಗಲೇ. ಸೊಂಟದ ಮೂಳೆ ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕುವುದು ಸುಮಾರು 10 ತಿಂಗಳೊಳಗೆ, ಸವೆತ ಶುರುವಾಗುವ ಮೊದಲು. ತಡವಾದರೆ ಉಳಿಯುವುದು ಎರಡು. ಒಂದು, ಲೋಹ ಮತ್ತು ಪ್ಲಾಸ್ಟಿಕ್ಕಿನ ಕೃತಕ ಕೀಲು. ದೊಡ್ಡ ನಾಯಿಗೆ ಅತ್ಯುತ್ತಮ, ದುಬಾರಿ, ಅನುಭವಿ ಕೈ ಬೇಕು. ಮೊದಲ ವಾರಗಳಲ್ಲಿ ಜಿಗಿದರೆ ಕೀಲು ಕಳಚುತ್ತದೆ. ಇನ್ನೊಂದು ಎಫ್ಎಚ್ಒ: ತೊಡೆಮೂಳೆಯ ತಲೆಯನ್ನು ತೆಗೆದುಹಾಕಿ, ಸ್ನಾಯು ಮತ್ತು ನಾರಿನ ಸುಳ್ಳು ಕೀಲು ಬೆಳೆಯಲು ಬಿಡುವುದು. 20 ಕಿಲೋ ಒಳಗಿನ ತೆಳ್ಳಗಿನ ನಾಯಿಗೆ ಚೆನ್ನಾಗಿ ಕೂಡಿಬರುತ್ತದೆ. ಕೆಡುವುದು ಹೆಚ್ಚಾಗಿ ಮನೆಯಲ್ಲಿ: ಪಾಪ ನೋಯುತ್ತದೆಂದು ನಾಯಿಯನ್ನು ತಿಂಗಳು ಮಲಗಿಸಿಬಿಡುತ್ತಾರೆ, ಸುಳ್ಳು ಕೀಲು ಬಿಗಿಯಾಗಿಯೇ ಕೂಡಿಕೊಳ್ಳುತ್ತದೆ. ಡಾಕ್ಟರು ಹೇಳಿದ ದಿನದಿಂದಲೇ, ನೋವಿನ ಔಷಧಿ ಸರಿಯಾಗಿ ಕೊಟ್ಟು, ಐದೈದು ನಿಮಿಷ ದಿನಕ್ಕೆ ನಾಲ್ಕು ಸಲ ನಡೆಸಬೇಕು. ತೀರಾ ನಿಧಾನಕ್ಕೆ, ಕಾಲು ನೆಲಕ್ಕೆ ಊರಲೇಬೇಕಾದಷ್ಟು ನಿಧಾನಕ್ಕೆ. ಆಪರೇಷನ್ನಿಗೆ ಹೋಗುವ ಮೊದಲೇ ಈ ದಿನಚರಿ ಮನೆಯಲ್ಲಿ ಯಾರು ನೋಡುತ್ತಾರೆಂದು ತೀರ್ಮಾನವಾಗಿರಲಿ.

ಏಳಲಾರದ ಮುದಿ ನಾಯಿಗೆ ಹಳೆಯ ಟರ್ಕಿ ಟವೆಲ್ ಒಳ್ಳೆಯ ಆಸರೆ. ಉದ್ದಕ್ಕೆ ಎರಡು ಮಡಿಕೆ ಮಾಡಿ, ಹಿಂಗಾಲಿನ ಮುಂದೆ ಹೊಟ್ಟೆಯಡಿ ಹಾಯಿಸಿ, ಎರಡೂ ತುದಿಯನ್ನು ಬೆನ್ನ ಮೇಲೆ ಒಂದೇ ಕೈಯಲ್ಲಿ ಹಿಡಿಯಿರಿ. ಎತ್ತಬೇಡಿ, ಭಾರದ ಒಂದು ಪಾಲು ಮಾತ್ರ ಹೊತ್ತುಕೊಳ್ಳಿ. ಗಂಡು ನಾಯಿಯಾದರೆ ಉಚ್ಚೆಗೆ ಅಡ್ಡ ಬಾರದಂತೆ ಸ್ವಲ್ಪ ಮುಂದಕ್ಕೆ ಹಾಕಿ. ಹೀಗೆ ನಡೆಸುವಾಗ ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುತ್ತಿದ್ದರೆ, ಪಾದ ಮಡಚಿಕೊಂಡು ಮೇಲ್ಭಾಗದ ಮೇಲೆ ಊರುತ್ತಿದ್ದರೆ, ಅಥವಾ ನಾಯಿಗೆ ಅರಿವಿಲ್ಲದೆ ಉಚ್ಚೆ ಸೋರುತ್ತಿದ್ದರೆ ತೊಂದರೆ ಸೊಂಟದ್ದಲ್ಲ, ಬೆನ್ನುಹುರಿಯದು. ಅದಕ್ಕೆ ಅಂದೇ ಆಸ್ಪತ್ರೆಗೆ ಹೋಗಬೇಕು.